ಸೂರಿಗೆ ತಾಗುವ ಶೆಲ್ಫು

ಮನೆಗಳಿಗೆ ಅಡುಗೆಮನೆ ಕಬೋರ್ಡ್ ಮಾಡಿಕೊಡೋ ಕೆಲಸ ನಂದು. ಎಲ್ಲರೂ ಕೇಳೋದು ಒಂದೇ, ಸಾಮಾನು ಕೈಗೆ ಸಿಗಬೇಕು. ಬಸವೇಶ್ವರನಗರದ ಒಬ್ಬ ಆಂಟಿ ಮಾತ್ರ ಉಪ್ಪಿನಕಾಯಿ ಜಾಡಿಗೆ ಸೂರಿಗೆ ತಾಗೋ ಹಾಗೆ ಶೆಲ್ಫು ಬೇಕು ಅಂದರು.

"ಅಷ್ಟು ಮೇಲಿಟ್ಟರೆ ನಿಮಗೆ ಸಿಗಲ್ಲ ಆಂಟಿ," ಅಂದೆ.

"ಸಿಗಬಾರದು ಅಂತಾನೇ ಹೇಳ್ತಿರೋದು ಕಣಪ್ಪ. ನಂಗೆ ಎದೆಯುರಿ. ಕಾಫಿ ಬಿಟ್ಟೆ, ಕರಿದಿದ್ದು ಬಿಟ್ಟೆ, ರಾತ್ರಿ ಊಟ ಬೇಗ ಮುಗಿಸ್ತೀನಿ. ಇದೊಂದು ಬಿಡಕ್ಕಾಗ್ತಿಲ್ಲ."

"ಉಪ್ಪಿನಕಾಯಿ ಹಾಕೋದನ್ನೇ ನಿಲ್ಲಿಸಿಬಿಡಿ."

"ಮಗಳು ಬಂದಾಗ ಕೇಳಿದ್ರೆ ಅಂಗಡಿದು ಕೊಡ್ಲಾ?" ಅಂತ ನನ್ನನ್ನೇ ಗದರಿದರು.

"ಸ್ಟೂಲ್ ಹತ್ತಿಬಿಟ್ರೆ?"

"ಮಂಡಿ ನೋವು ಹತ್ತಕ್ಕೆ ಬಿಡಲ್ಲ. ಅದೂ ಒಂದು ಉಪಯೋಗಕ್ಕೆ ಬರ್ಲಿ."

ಕೆಲಸ ಮುಗಿದ ದಿನ ಜಾಡಿ ಮೇಲಿಟ್ಟವನೂ ನಾನೇ. ಸ್ವಲ್ಪ ದಿನಕ್ಕೆ, ಆ ಕಬೋರ್ಡಿನ ಬಾಗಿಲು ಸಡಿಲ ಆಗಿದೆ ಅಂತ ಫೋನ್ ಮಾಡಿದರು. ಹೋಗಿ ನೋಡಿದರೆ ಬಾಗಿಲು ಗಟ್ಟಿಯಾಗೇ ಇತ್ತು.

"ಹೆಂಗೂ ಬಂದಿದೀಯ, ಆ ಜಾಡಿ ಇಳಿಸಿಕೊಡು," ಅಂದರು.

ಇಳಿಸಿದೆ. ಮಾವಿನಕಾಯಿಯ ಒಂದೇ ಹೋಳು ತೆಗೆದರು, ಅದಕ್ಕೆ ಅಂಟಿದ ಖಾರವನ್ನೆಲ್ಲ ಚಮಚದಲ್ಲಿ ಕೆರೆದು ತೆಗೆದು, ಮೊಸರನ್ನದ ಪಕ್ಕ ಇಟ್ಟುಕೊಂಡರು. ಆಮೇಲೆ ಜಾಡಿಯ ಬಾಯಿಗೆ ಬಟ್ಟೆ ಬಿಗಿದು ಕಟ್ಟಿ, "ತಗೋ, ಮೇಲಿಡು," ಅಂದರು. ಬಿರಿಯಾನಿಗೆ ಮುಂಚೆಯೇ ಎದೆಯುರಿ ಮಾತ್ರೆ ನುಂಗಿಕೊಂಡು ಕೂರೋನು ನಾನು. ಅವರು ಆ ಬಟ್ಟೆ ಕಟ್ಟಿದ್ದು ನೋಡಿ ಕೈ ಮುಗಿಯೋಣ ಅನ್ನಿಸ್ತು.

ಆ ಬಾಗಿಲು ಈಗಲೂ ಆಗಾಗ ಸಡಿಲ ಆಗುತ್ತೆ. ಸ್ಕ್ರೂಡ್ರೈವರ್ ತಗೊಂಡು ಹೋಗೋದನ್ನ ನಾನು ಬಿಟ್ಟಿದೀನಿ.