ಹೊಲಿದಿಟ್ಟ ಮೂರನೆಯ ದಿನ

ನಾನು ಕ್ರಿಕೆಟ್ ಕಲಿತದ್ದು ಬಾಗಿಲ ಹಿಂದೆ ನಿಂತು, ಬರೀ ಕಿವಿಯಿಂದ. ಬಳ್ಳಾರಿಯ ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನನ್ನ ಯಜಮಾನರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಕೋಟೆಯ ಕೆಳಗಿನ ಬಯಲಲ್ಲಿ ದಂಡಿನ ಬಿಳಿಯರು, ಗೋರಾ ಸಿಪಾಯಿಗಳು, ಆಡುವುದನ್ನು ನೋಡಿ ನೋಡಿ ಯಜಮಾನರಿಗೂ ಅವರ ಜೊತೆಯ ಗುಮಾಸ್ತರಿಗೂ ಈ ಆಟದ ಹುಚ್ಚು ಹಿಡಿದಿತ್ತು. ಒಬ್ಬರೂ ಬ್ಯಾಟು ಮುಟ್ಟಿದವರಲ್ಲ. ಪಂಚೆ, ಕೋಟು, ರುಮಾಲು, ಮೇಲೊಂದು ಕೊಡೆ. ಬಳ್ಳಾರಿಯ ಬಿಸಿಲಲ್ಲಿ ಹಾಗೆ ನಿಂತು ನೋಡಿ, ಕರಕಲಾಗಿ ಮನೆಗೆ ಬರುವುದೇ ಇವರ ಆಟ. ಹೆಂಗಸರು ಆ ಬಯಲಿಗೆ ಹೋಗುವ ಮಾತೇ ಇರಲಿಲ್ಲ. ನನಗೆ ಹೋಗಬೇಕೆಂದೂ ಅನ್ನಿಸಿರಲಿಲ್ಲ. ಸಂಜೆ ಜಗಲಿಯ ಮೇಲೆ ಕೂತು ಇವರು ಓದಿ ಓದಿ ಕನ್ನಡದಲ್ಲಿ ಹೇಳುತ್ತಿದ್ದ ಆಟವೇ ನನಗೆ ಸಾಕಾಗಿತ್ತು, ಅದರಲ್ಲಿ ಬಿಸಿಲಿರಲಿಲ್ಲ.

ಓದುತ್ತಿದ್ದುದು ವಿಲಾಯತಿಯ ವಾರಪತ್ರಿಕೆ. ಅದು ಹಡಗಿನಲ್ಲಿ ಬಂದು, ರೈಲಿನಲ್ಲಿ ಬಂದು, ದಂಡಿನ ದೊರೆಗಳು ಓದಿ ಬಿಸಾಕಿದ ಮೇಲೆ ಅಲ್ಲಿನ ಬಟ್ಲರನ ಕೃಪೆಯಿಂದ ನಮ್ಮ ಓಣಿಗೆ ಬರುತ್ತಿತ್ತು. ಅಷ್ಟರಲ್ಲಿ ಅಲ್ಲಿ ಆಟ ಮುಗಿದು ತಿಂಗಳಾಗಿರುತ್ತಿತ್ತು. ಯಾರು ಗೆದ್ದರೆಂಬ ತಂತಿ ಸುದ್ದಿ ಮದ್ರಾಸಿನ ಪತ್ರಿಕೆಯಲ್ಲಿ ಎಂದೋ ಬಂದಿರುತ್ತಿತ್ತು. ಆದರೆ ನಮ್ಮ ಜಗಲಿಯವರು ಆ ಪತ್ರಿಕೆಯನ್ನು ಓದುವಾಗ ತಂತಿ ಸುದ್ದಿಯ ಮೂಲೆಯನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದರು. ಕಚೇರಿಯಲ್ಲಿ ಯಾರಾದರೂ ಬಾಯಿ ಬಿಟ್ಟರೆ ಅವರ ಜೊತೆ ಮಾತು ಬಂದ್. ವಾರಪತ್ರಿಕೆ ಕೈಗೆ ಬಂದ ಮೇಲೂ ಒಂದೇ ಸಲ ಓದುವಂತಿಲ್ಲ. ಇಂಗ್ಲೆಂಡು, ಆಸ್ಟ್ರೇಲಿಯಾಗಳ ಟೆಸ್ಟ್ ಪಂದ್ಯ ಮೂರು ದಿನ ನಡೆದಿದ್ದರೆ ಇವರೂ ಮೂರು ಸಂಜೆ ಓದಬೇಕು, ದಿನಕ್ಕೊಂದು ದಿನದ ಆಟ. ನಾಳೆಯ ಆಟದ ಮೇಲೆ ಇವತ್ತು ಕಣ್ಣು ಹಾಯಿಸಿದವನು ಜಗಲಿ ಹತ್ತುವಂತಿರಲಿಲ್ಲ.

"ಅಲ್ರೀ, ಆಟ ಮುಗದು ತಿಂಗಳಾತು. ಗೆದ್ದೋರು ಮನಿಗಿ ಹೋಗಿ ಮಕ್ಕೊಂಡಾರ. ನೀವಿಲ್ಲಿ ಉಗುರು ಕಚಗೋತ ಕುಂತೀರಿ," ಎಂದು ನಾನೊಮ್ಮೆ ನಕ್ಕಿದ್ದೆ.

"ನಾವು ಓದೋತನಕ ಮುಗದಿಲ್ಲ, ತಿಳೀತೇನು?" ಎಂದರು ಯಜಮಾನರು, ವೇದ ಹೇಳುವವರ ಗತ್ತಿನಲ್ಲಿ.

ಆಗ ನಕ್ಕೆನಾದರೂ ಬರಬರುತ್ತಾ ಆ ಮಾತು ನನಗೂ ನಿಜವಾಗತೊಡಗಿತು. ಅಕ್ಕಿ ತೊಳೆಯುತ್ತಿರುವಾಗ, ದೀಪಕ್ಕೆ ಎಣ್ಣೆ ಹಾಕುವಾಗ, ಆ ದೂರದ ಬಯಲು ತಾನಾಗಿ ಬಂದು ಕಣ್ಣಮುಂದೆ ಹರಡಿಕೊಳ್ಳುತ್ತಿತ್ತು. ನಾನು ಕಂಡಿದ್ದ ದೊಡ್ಡ ಹಸಿರು ಎಂದರೆ ಸಿರುಗುಪ್ಪದ ಹತ್ತಿರ ದೇಶನೂರಿನ ಭತ್ತದ ಗದ್ದೆ. ಅದನ್ನೇ ಹಾಸಿ ಅದರ ಮೇಲೆ ಬಿಳಿ ಬಟ್ಟೆಯವರನ್ನು ನಿಲ್ಲಿಸಿದ್ದೆ. ಇಂಗ್ಲೆಂಡಿನ ಚೆಂಡೆಸೆಯುವವನಿಗೆ ನಮ್ಮ ಓಣಿಯ ನೀರಿನವನ ಮುಖ, ಆಸ್ಟ್ರೇಲಿಯಾದ ಬ್ಯಾಟಿನವನಿಗೆ ಪೇಟೆಯ ಮಿಠಾಯಿ ಅಂಗಡಿಯವನ ಮುಖ. ಅಲ್ಲಿ ಮಳೆ ಬಂದು ಆಟ ನಿಂತಿತು ಎಂದು ಓದಿದ ಸಂಜೆ ನಾನು ಸುಮ್ಮನೆ ಎದ್ದು ಹೋಗಿ ಒಣಹಾಕಿದ ಹಪ್ಪಳ ಒಳಗೆ ತಂದಿದ್ದೆ. ಹೊರಗೆ ಒಂದು ಮೋಡವೂ ಇರಲಿಲ್ಲ.

ಇಷ್ಟೇ ಆಗಿದ್ದರೆ ಸುಖವಾಗಿತ್ತು. ಆದರೆ ನಮ್ಮ ಮನೆಯಲ್ಲಿ ಒಂದು ಜಗಳವಿತ್ತು.

ನಮ್ಮ ಭಾವನವರು, ಎಂದರೆ ಯಜಮಾನರ ಅಣ್ಣ, ಸಿರುಗುಪ್ಪದ ತಾಲೂಕು ಕಚೇರಿಯಲ್ಲಿದ್ದರು. ಮಾವನವರು ತೀರಿಕೊಂಡ ತಿಥಿ ಭಾದ್ರಪದದಲ್ಲಿ ಬರುತ್ತದೆ. ಭಾವನವರದು ಮಠದ ಪಂಚಾಂಗ, ನಮ್ಮವರದು ಪೇಟೆಯಲ್ಲಿ ಸಿಗುವ ಅಚ್ಚಿನ ಪಂಚಾಂಗ. ಎರಡಕ್ಕೂ ಕೆಲವು ಗಳಿಗೆಯ ವ್ಯತ್ಯಾಸ. ಆ ಗಳಿಗೆಗಳಿಂದಾಗಿ ಒಂದರಲ್ಲಿ ಶ್ರಾದ್ಧ ಇವತ್ತು ಬಂದರೆ ಇನ್ನೊಂದರಲ್ಲಿ ನಾಳೆ. ಅಣ್ಣತಮ್ಮಂದಿರು ಮೊದಲು ಮಾತಿಗೆ ಮಾತು ಬೆಳೆಸಿದರು, ಆಮೇಲೆ ಮಾತೇ ಬಿಟ್ಟರು. ಹಿಂದಿನ ವರ್ಷ ಒಬ್ಬ ತಂದೆಗೆ ಸಿರುಗುಪ್ಪದಲ್ಲಿ ಒಂದು ದಿನ, ಬಳ್ಳಾರಿಯಲ್ಲಿ ಮರುದಿನ ಶ್ರಾದ್ಧವಾಯಿತು. ಇಬ್ಬರೂ ಓದಿದವರು!

ಅತ್ತೆಯವರು ಎರಡಕ್ಕೂ ನಿಲ್ಲಲಿಲ್ಲ. ಗಂಟು ಕಟ್ಟಿಕೊಂಡು ಕುರುಗೋಡಿನಲ್ಲಿದ್ದ ಮಗಳ ಮನೆಗೆ ಹೊರಟರು. ಗಾಡಿ ಹತ್ತುವಾಗ ಮಗನಿಗೆ ಹೇಳಿದ್ದು ನನಗೆ ಇವತ್ತಿಗೂ ಕೇಳುತ್ತದೆ: "ನಿಮ್ಮಪ್ಪ ಹೋಗಿದ್ದು ಒಂದ ಸಲ. ನೀವು ಎರಡೆರಡ ಸಲ ಕಳಸಾಕತ್ತೀರಿ. ಇಬ್ಬರೂ ಒಂದ ದಿನ, ಒಂದ ಪಂಕ್ತ್ಯಾಗ ಕುಂತು ಉಂಡಾಗ ನನ್ನ ಕರೀರಿ. ಅಲ್ಲೀತನಕ ಇಬ್ಬರ ಮನ್ಯಾಗಿನ ನೀರೂ ನನಗ ಬ್ಯಾಡ." ಆಗಲೇ ಅವರ ಕಣ್ಣಿಗೆ ಪೊರೆ ಬಂದಿತ್ತು. ಆ ಪಂಕ್ತಿಯನ್ನು ನೋಡುವಷ್ಟಾದರೂ ಬೆಳಕು ಉಳಿದೀತೇ ಎಂಬುದೊಂದೇ ಅವರ ಚಿಂತೆ. ನನಗೆ ಅಮ್ಮನಿರಲಿಲ್ಲ. ತಲೆ ಬಾಚುವುದರಿಂದ ಹಿಡಿದು ಅಕ್ಷರ ತಿದ್ದುವವರೆಗೆ ನನಗೆ ಎಲ್ಲ ಕಲಿಸಿದವರು ಅತ್ತೆ. ಅವರು ಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಪಂಚಾಂಗ ಕಂಡರೆ ಒಲೆಗೆ ಹಾಕುವಷ್ಟು ಸಿಟ್ಟು ನನಗೆ.

ನಡುವೆ ಬಿದ್ದವರು ಕುರುಗೋಡಿನ ಮಾಸ್ತರು, ನಮ್ಮ ನಾದಿನಿಯ ಗಂಡ. ಅವರಿಗೂ ಕ್ರಿಕೆಟ್ಟಿನ ಗಾಳಿ ಬಡಿದಿತ್ತು. ಭಾವನವರಿಗಂತೂ ಬಳ್ಳಾರಿಯಲ್ಲಿದ್ದಾಗಲೇ ಬಡಿದಿತ್ತು. ತಮಾಷೆಯೆಂದರೆ, ಮಠದ ಹಳೆಯ ಪಂಚಾಂಗ ಬಿಡದ ಭಾವನವರು ಆಸ್ಟ್ರೇಲಿಯಾದ ಹೊಸಬರ ಕಡೆ. ಅಚ್ಚಿನ ಹೊಸ ಪಂಚಾಂಗದ ನಮ್ಮವರು ಇಂಗ್ಲೆಂಡಿನ ಹಳಬರ ಕಡೆ. ಆ ವರ್ಷ ಎರಡು ತಂಡಗಳಿಗೂ ಜಿದ್ದಾಜಿದ್ದಿ. ಮಾಸ್ತರು ಇಬ್ಬರಿಗೂ ಹೇಳಿಕಳಿಸಿದರು: "ಮುಂದ ಬರೋ ಟೆಸ್ಟಿನಾಗ ಯಾರ ಕಡಿಯೋರು ಸೋಲ್ತಾರೋ ಅವರು ತಮ್ಮ ಪಂಚಾಂಗ ಮಡಚಿ ಇಡಬೇಕು. ಒಪ್ಪಿಗಿ ಐತೇನು?" ಇಬ್ಬರೂ ಹಿಂದೆಮುಂದೆ ನೋಡದೆ ಒಪ್ಪಿದರು. ಪಿತೃಕಾರ್ಯದ ದಿನವನ್ನು ಚೆಂಡಿಗೆ ಬಿಟ್ಟವರು ಭರತಖಂಡದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಪತ್ರಿಕೆ ಬಂತು. ಮೊದಲ ದಿನದ ಆಟವನ್ನೂ ಎರಡನೆಯ ದಿನದ ಆಟವನ್ನೂ ನಮ್ಮ ಜಗಲಿಯಲ್ಲಿ ಓದಿದರು. ಆಸ್ಟ್ರೇಲಿಯಾದವರು ರಾಶಿ ರನ್ನು ಹೊಡೆದಿದ್ದರು. ಇಂಗ್ಲೆಂಡಿನವರು ಎದ್ದು ಬಿದ್ದು ಬೆನ್ನು ಹತ್ತಿದ್ದರು. ಯಜಮಾನರು ಎರಡು ಸಂಜೆಯೂ ಸರಿಯಾಗಿ ಉಣ್ಣಲಿಲ್ಲ. ಈಗ ಪತ್ರಿಕೆ ಸಿರುಗುಪ್ಪಕ್ಕೆ ಹೋಗಬೇಕು. ಭಾವನವರೂ ಎರಡು ದಿನದ ಆಟ ಓದಬೇಕು. ಮೂರನೆಯ ದಿನದ್ದನ್ನು ಕುರುಗೋಡಿನಲ್ಲಿ ಅತ್ತೆಯವರ ಎದುರು ಎಲ್ಲರೂ ಒಟ್ಟಿಗೆ ಕೇಳಬೇಕು. ಅದಕ್ಕೆ ಮೊದಲು ಯಾರೂ ಕದ್ದು ನೋಡಬಾರದಲ್ಲ? ಅಣ್ಣನಿಗೆ ತಮ್ಮನ ಮೇಲೆ ನಂಬಿಕೆಯಿಲ್ಲ, ತಮ್ಮನಿಗೆ ಅಣ್ಣನ ಮೇಲೆ ಇಲ್ಲ. ಕೊನೆಗೆ ಇಬ್ಬರೂ ನಂಬಿದ್ದು ನನ್ನ ಸೂಜಿಯನ್ನು. ಮೂರನೆಯ ದಿನದ ಹಾಳೆಗಳನ್ನು ಮಡಿಸಿ, ಅಂಚಿನುದ್ದಕ್ಕೂ ಕೆಂಪು ದಾರದಲ್ಲಿ ಹೊಲಿದೆ. ರವಿಕೆಗೂ ಅಷ್ಟು ಒತ್ತಾಗಿ ನಾನು ಹೊಲಿದವಳಲ್ಲ.

ಹೊಲಿಯುವಾಗ ಒಂದು ವಿಚಿತ್ರ ಭಾವನೆ ಬಂತು. ಆ ಬಿಳಿ ಬಟ್ಟೆಯವರೆಲ್ಲ ಈ ಮಡಿಕೆಯೊಳಗೆ, ಎರಡನೆಯ ದಿನದ ಸಂಜೆಯ ಬೆಳಕಿನಲ್ಲಿ, ನಾವು ದಾರ ಬಿಚ್ಚುವುದನ್ನು ಕಾಯುತ್ತಾ ನಿಂತಿದ್ದಾರೆ ಅನ್ನಿಸಿತು. ಪತ್ರಿಕೆ ಟಪ್ಪಾಲು ಗಾಡಿಯಲ್ಲಿ ಸಿರುಗುಪ್ಪಕ್ಕೆ ಹೋದ ಮೇಲೂ ಅವರು ನನ್ನನ್ನು ಬಿಡಲಿಲ್ಲ. ಪಾಪ, ಎಷ್ಟು ದಿನದಿಂದ ನಿಂತಿದ್ದಾರೋ, ಕಾಲು ನೋಯುತ್ತಿರಬೇಕು ಎಂದುಕೊಂಡು ನನ್ನನ್ನು ನಾನೇ ಬೈದುಕೊಂಡೆ.

ನಾವು ಎತ್ತಿನ ಗಾಡಿಯಲ್ಲಿ ಕುರುಗೋಡಿಗೆ ಹೊರಟೆವು. ದಾರಿಯುದ್ದಕ್ಕೂ ಕರಿಮಣ್ಣು, ಸಜ್ಜೆಯ ಹೊಲ, ಅಲ್ಲಲ್ಲಿ ನೆಲದಿಂದ ಎದ್ದ ಬಂಡೆಗಳು. ಗಾಡಿಯ ತೂಗಾಟಕ್ಕೆ ನನಗೆ ಮಂಪರು ಹತ್ತಿ, ಬಂಡೆಗಳೆಲ್ಲ ಬಯಲಲ್ಲಿ ತಮ್ಮ ತಮ್ಮ ಜಾಗದಲ್ಲಿ ನಿಂತ ಆಟಗಾರರಂತೆ ಕಂಡವು. ಕುರುಗೋಡಿನ ಗುಡ್ಡ ಹತ್ತಿರವಾದಾಗ ಯಜಮಾನರು ಒಂದೇ ಮಾತು ಕೇಳಿದರು: "ಅಣ್ಣ ಗೆದ್ರ, ಅವ್ವ ಅಣ್ಣನ ಮನಿಗೇ ಹೋಗ್ತಾಳೇನು?" ಅವರ ದನಿ ಚಿಕ್ಕ ಹುಡುಗನ ದನಿಯಂತಿತ್ತು.

ಭಾವನವರು ಆಗಲೇ ಬಂದು ಪಡಸಾಲೆಯ ಒಂದು ತುದಿಯಲ್ಲಿ ಕೂತಿದ್ದರು. ನಮ್ಮವರು ಇನ್ನೊಂದು ತುದಿಗೆ ಹೋಗಿ ಕೂತರು. ನಡುವೆ ಅತ್ತೆ. ಭಾವನವರು ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟರು. ಒಂದು ಹೊಲಿಗೆಯೂ ಸಡಿಲವಾಗಿರಲಿಲ್ಲ. ಭಾವನವರ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೇ ಅರ್ಧ ಇಳಿಯಿತು. ನಾನು ದಾರ ಬಿಚ್ಚಿ ಹಾಳೆಗಳನ್ನು ಮಾಸ್ತರಿಗೆ ಕೊಟ್ಟೆ.

ಮಾಸ್ತರು ಓದುತ್ತಾ ಓದುತ್ತಾ ಕನ್ನಡದಲ್ಲಿ ಹೇಳುತ್ತಾ ಹೋದರು. ಇಂಗ್ಲೆಂಡಿನವರಿಗೆ ಗೆಲ್ಲುವ ಆಸೆ ಹೋಗಿ, ಉಳಿದರೆ ಸಾಕು ಎನ್ನುವಂತಾಗಿತ್ತು. ಒಬ್ಬೊಬ್ಬರೇ ಔಟಾದರು. ಮೋಡ ಕವಿಯಿತು. ಕೊನೆಯ ಜೋಡಿ ಬಂತು. ಇನ್ನೊಂದು ವಿಕೆಟ್ ಬಿದ್ದರೆ ಆಸ್ಟ್ರೇಲಿಯಾಕ್ಕೆ ಜಯ. ಭಾವನವರು ಮೊಣಕಾಲ ಮೇಲೆ ಎದ್ದರು. ನಮ್ಮವರು ಜನಿವಾರ ಹಿಡಿದುಕೊಂಡರು. ಚೆಂಡು ಬಂತು, ತಡೆದ. ಮತ್ತೊಂದು ಬಂತು, ಬಿಟ್ಟ. ಇನ್ನೊಂದು ವಿಕೆಟ್ಟಿನ ಪಕ್ಕದಲ್ಲೇ ಹಾಯ್ದು ಹೋಯಿತು. ನಾದಿನಿಯೂ ನಾನೂ ಒಬ್ಬರ ಕೈ ಒಬ್ಬರು ಹಿಚುಕುತ್ತಿದ್ದೆವು. ಮಾಸ್ತರು ಹಾಳೆ ತಿರುವಿ ತಲೆ ಎತ್ತಿದರು.

"ಮುಂದ?" ಎಂದರು ಭಾವನವರು.

"ಮುಂದ ಏನಿಲ್ಲ. ಹೊತ್ತು ಮುಗೀತು. ಅಂಪೈರು ಆಟ ನಿಲ್ಲಿಸಿದ. ಡ್ರಾ ಆತು."

"ಯಾರು ಗೆದ್ರು?" ಎಂದರು ಅತ್ತೆ.

"ಯಾರೂ ಗೆಲ್ಲಲಿಲ್ಲ ಅವ್ವಾ. ಯಾರೂ ಸೋಲಲೂ ಇಲ್ಲ."

ಕರಾರು ಮಾಡಿಕೊಳ್ಳುವಾಗ ಹೀಗೂ ಆಗಬಹುದೆಂದು ಮೂರು ಜನ ಪಂಡಿತರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಗೋರಾ ಸಿಪಾಯಿಗಳ ಆಟ ಆ ಬಿಸಿಲಿಗೆ ಹೇಗೋ ಒಂದು ಕಡೆ ಮುಗಿದೇ ಮುಗಿಯುತ್ತಿತ್ತು. ಡ್ರಾ ಎಂಬುದನ್ನು ಪತ್ರಿಕೆಯಲ್ಲಿ ಓದಿ ಬಲ್ಲವರೇ, ಆದರೆ ತಮ್ಮ ಕಡೆ ಗೆದ್ದೇ ಗೆಲ್ಲುತ್ತದೆಂಬ ಉಬ್ಬಿನಲ್ಲಿ ಇಬ್ಬರೂ ಮರೆತಿದ್ದರು. ಭಾವನವರು ಗೋಡೆಯ ಕಡೆ ಮುಖ ಮಾಡಿ, "ನಾ ಸೋತಿಲ್ಲ. ನನ್ನ ಪಂಚಾಂಗ ನನಗ," ಎಂದರು. ನಮ್ಮವರು, "ನಾನೂ ಸೋತಿಲ್ಲ," ಎಂದರು. ಇಷ್ಟು ದೂರ ಬಂದು, ಇಷ್ಟು ಹೊಲಿದು, ಇಷ್ಟು ಬಿಚ್ಚಿ, ಮತ್ತೆ ಎರಡು ಊರಲ್ಲಿ ಎರಡು ಶ್ರಾದ್ಧವೇ?

ಅತ್ತೆ ಮಾಸ್ತರ ಕಡೆ ತಿರುಗಿದರು. "ಮುಂಜಾನಿಂದ ಸಂಜೀತನಕ ಆಡತಾರಂತೀರಿ. ಮಧ್ಯಾಹ್ನ ಊಟ ಏನ ಮಾಡತಾರ?"

"ಆಟ ನಿಲ್ಲಿಸಿ ಉಣತಾರ್ರಿ."

"ಇವರು ಒಂದು ಕಡಿ, ಅವರು ಒಂದು ಕಡಿ?"

ಮಾಸ್ತರು ಹಾಳೆಯನ್ನು ಹಿಂದೆ ಮುಂದೆ ತಿರುವಿ ನೋಡಿದರು. "ಇಲ್ರಿ. ಅಲ್ಲೇ ಒಂದು ಮನಿ ಇರತೈತಿ. ಎರಡೂ ಕಡಿಯೋರು ಅಲ್ಲೇ ಕೂಡಿ ಉಂಡ್ರು ಅಂತ ಬರದಾರ."

"ಮೂರೂ ದಿನ?"

"ಮೂರೂ ದಿನ."

ಪೊರೆ ಬಂದ ಅತ್ತೆಯ ಕಣ್ಣುಗಳಿಂದ ನೀರು ಇಳಿಯುತ್ತಿತ್ತು, ಅವರು ಒರೆಸಿಕೊಳ್ಳಲೂ ಇಲ್ಲ. ನನಗೂ ಅಳು ತಡೆಯಲಾಗಲಿಲ್ಲ. ಭಾವನವರು ಗೋಡೆಗೆ ಹೇಳುವಂತೆ ಹೇಳಿದರು: "ನಿನ್ನ ದಿನಕ್ಕ ಮಾಡೋಣ ತಗೋಲೇ."

"ಬ್ಯಾಡಣ್ಣ, ನೀ ದೊಡ್ಡಾವ. ನಿನ್ನ ದಿನಕ್ಕ ಆಗ್ಲಿ."

"ನಾ ಹೇಳೀನಿ, ನಿನ್ನ ದಿನಕ್ಕ!"

"ನಾನೂ ಹೇಳೀನಿ, ಆಗೂದಿಲ್ಲ!"

ಎರಡು ನಿಮಿಷದಲ್ಲಿ ಇಬ್ಬರೂ ಎದ್ದು ನಿಂತು ಕೂಗಾಡುತ್ತಿದ್ದರು. ನಾದಿನಿ ಸೆರಗು ಬಾಯಿಗೆ ಹಚ್ಚಿಕೊಂಡು ನಗುತ್ತಿದ್ದಳು. ಮಾಸ್ತರು ಪತ್ರಿಕೆ ಕೆಳಗಿಟ್ಟು ನಡುವೆ ಹೋಗಿ, ಅಣ್ಣನ ಪಂಚಾಂಗದ ದಿನವೆಂದು ತೀರ್ಮಾನ ಹೇಳಿದರು. ಅಷ್ಟಾದರೂ ಭಾವನವರು ಗೊಣಗುವುದನ್ನು ಬಿಡಲಿಲ್ಲ.

ಶ್ರಾದ್ಧ ಕುರುಗೋಡಿನಲ್ಲೇ ನಡೆಯಿತು. ಬ್ರಾಹ್ಮಣರ ಊಟವಾದ ಮೇಲೆ ಮನೆಯವರಿಗೆ ಎಲೆ ಹಾಕಿದೆವು. ಅಣ್ಣತಮ್ಮಂದಿರು ಕೂತರು. ನಾನು ಅನ್ನದ ಪಾತ್ರೆ ಹಿಡಿದು ಬಂದಾಗ ಅತ್ತೆ ಕೈ ಅಡ್ಡ ತಂದು ನನ್ನನ್ನು ನಿಲ್ಲಿಸಿದರು. ಗೋಡೆ ಹಿಡಿದುಕೊಂಡು ಬಂದು, ಮಕ್ಕಳ ಮುಂದೆ ಕೂತು, ದೊಡ್ಡ ಮಗನ ಎಲೆಯ ಅಂಚನ್ನು ಬೆರಳಿನಿಂದ ಹುಡುಕಿದರು. ಆ ಅಂಚಿನ ಗುಂಟ ಮೆಲ್ಲಗೆ ಕೈಯಾಡಿಸುತ್ತಾ ಹೋದರು. ಅದು ಮುಗಿದಲ್ಲೇ ಚಿಕ್ಕ ಮಗನ ಎಲೆ ಕೈಗೆ ಸಿಕ್ಕಿತು. ನಡುವೆ ನೆಲ ಸಿಗಲಿಲ್ಲ. ಇನ್ನೊಮ್ಮೆ ಮುಟ್ಟಿ ನೋಡಿದರು.

"ಹ್ಞೂಂ, ಬಡಸವ್ವ," ಎಂದರು.