ಕಾಮಿ ನೆಟ್ಟ ಕೋಲು, ರೂಪೇಶನ ಗಾಲಿ

ಹಟ್ಟಿಕೇರಿಯ ಕಾಮಿ ಗೌಡ ಸೇಡಿನ ಹೆಂಗಸು. ಅದಕ್ಕಿಂತ ಕೆಟ್ಟದ್ದೆಂದರೆ, ತನ್ನಿಂದ ತಪ್ಪಾಯಿತೆಂದು ಅವಳು ಒಮ್ಮೆಯೂ ಒಪ್ಪಿಕೊಂಡವಳಲ್ಲ. ಮೂವತ್ತೆರಡು ವರ್ಷಗಳಿಂದ ಬಲ್ಲವಳಾಗಿ ಹೇಳುತ್ತಿದ್ದೇನೆ. ಸ್ವಂತ ತಂಗಿ ದುರ್ಗಿಯೊಡನೆ ಒಂದು ಮೊರದ ಸಲುವಾಗಿ ಒಂಬತ್ತು ವರ್ಷ ಮಾತು ಬಿಟ್ಟಿದ್ದಳು. ಮೊರ ಕೊನೆಗೆ ಸಿಕ್ಕಿದ್ದು ಅವಳದೇ ಅಟ್ಟದ ಮೇಲೆ. ಆಗಲೂ ಅವಳು ಹೇಳಿದ್ದು ಇಷ್ಟೇ: "ಅಟ್ಟ ಹತ್ತಿ ನೋಡೂಕೆ ಅವ್ಳಿಗೆ ಎಂತ ಆಗಿತ್ತು?" ನಮ್ಮ ಮನೆಯ ಉಪ್ಪಿನಕಾಯಿ ಭರಣಿಯನ್ನು ಕೈಜಾರಿಸಿ ಒಡೆದ ದಿನ, ಚೂರುಗಳ ನಡುವೆಯೇ ನಿಂತು, "ಭರಣಿಗೇ ಆಯುಷ್ಯ ಮುಗ್ದಿತ್ತು ಅಕ್ಕೋರೆ" ಎಂದಳು.

ವಾರಕ್ಕೆ ಎರಡು ದಿನ ಅವಳು ಅಂಕೋಲೆಯ ನಮ್ಮ ಮನೆಗೆ ಹರಿವೆ ಸೊಪ್ಪು, ಹೊಳೆಯ ಕೆಸರಿನಲ್ಲಿ ಆಯ್ದ ಬೆಳಚಿನ ಚಿಪ್ಪು ತರುತ್ತಾಳೆ. ವಯಸ್ಸು ಅರವತ್ತು ದಾಟಿದೆ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಹೊಳೆಯ ಪಕ್ಕ ಅವಳದೊಂದು ಗಜನಿ ಗದ್ದೆ ಇದೆ. ಉಬ್ಬರದ ಉಪ್ಪುನೀರು ಒಳಗೆ ಬರದಂತೆ ಸುತ್ತ ಮಣ್ಣಿನ ಒಡ್ಡು ಕಟ್ಟಿ ಬೆಳೆಯುವ ಗದ್ದೆ ಅದು. ಅಲ್ಲಿ ಬೆಳೆಯುವುದು ಉಪ್ಪನ್ನು ತಡೆಯುವ ಕಗ್ಗ ಭತ್ತ ಮಾತ್ರ. ಊರಲ್ಲಿ ಬೇರೆಯವರ ಕಗ್ಗವೂ ಉಂಟು. ಕಾಮಿಯದು ಅವಳ ಅತ್ತೆ ವರ್ಷವರ್ಷ ತೆನೆ ಆರಿಸಿ ಉಳಿಸಿಕೊಟ್ಟ ಬೀಜ. ಉದ್ದ ಮೀಸೆಯ, ಕೆಂಪು ಅಕ್ಕಿಯ ತಳಿ.

ಅತ್ತೆ ಬೀಜ ಕೊಟ್ಟಳು, ಮಾವ ಕೋಲು ಕೊಟ್ಟ. ಗಜನಿಯ ಒಡ್ಡಿಗೂ ಹೊಳೆಗೂ ನಡುವೆ, ಇಳಿತದ ಹೊತ್ತಿನಲ್ಲಿ, ಅಳಿವೆಯ ಮರಳದಿಬ್ಬದವರೆಗೆ ಹೋಗಲು ಒಂದು ದಾರಿ ತೆರೆದುಕೊಳ್ಳುತ್ತದೆ. ಹೊಳೆಯ ಮಗ್ಗುಲು ಗಟ್ಟಿ ಮರಳು, ಒಡ್ಡಿನ ಮಗ್ಗುಲು ಸೊಂಟದವರೆಗೆ ಹೂಳುವ ಹುದುಲು. ಮೇಲಿನಿಂದ ನೋಡಿದರೆ ಎರಡೂ ಒಂದೇ ಬೂದು ಬಣ್ಣ, ಎರಡೂ ನುಣುಪು. ಎಲ್ಲಿ ಗಟ್ಟಿ ಮುಗಿದು ಹುದುಲು ಶುರುವಾಗುತ್ತದೆ ಎಂಬುದು ಪ್ರತಿ ಮಳೆಗಾಲದಲ್ಲಿ ಬದಲಾಗುತ್ತದೆ. ಆದ್ದರಿಂದ ದೀಪಾವಳಿಯ ಹೊತ್ತಿಗೆ ಒಬ್ಬರು ಕಾಲಿಟ್ಟು ಪರೀಕ್ಷಿಸಿ, ಗಡಿಯಲ್ಲಿ ಗಾಳಿಮರದ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಬೇಕು. ಕೋಲಿನಿಂದ ಹೊಳೆಯ ಕಡೆಗೆ ಹೋದವರು ಬದುಕಿದರು. ಈ ಕೆಲಸ ಮೊದಲು ಕಾಮಿಯ ಮಾವನದಾಗಿತ್ತು, ಈಗ ಅವಳದು. ಚಿಪ್ಪು ಆಯುವವರು, ಬಲೆ ಬೀಸುವವರು, ಎಲ್ಲರೂ ಆ ಕೋಲು ನೋಡಿಯೇ ನಡೆಯುತ್ತಾರೆ.

ಐದು ವರ್ಷದ ಹಿಂದಿನ ಆಗಸ್ಟಿನಲ್ಲಿ ಕಾರವಾರದ ಬೈತಖೋಲದ ರೂಪೇಶ ಎಂಬವನು ತನ್ನ ಪ್ರವಾಸದ ಟ್ರಕ್ಕನ್ನು ಕಾಮಿಯ ಒಡ್ಡಿನ ಮೇಲೆ ಓಡಿಸಿದ. ಅವನ ತಂದೆ ಬಂದರಿನಲ್ಲಿ ಮೂಟೆ ಹೊತ್ತವನು. ಮಗ ನಾಲ್ಕೂ ಚಕ್ರ ಎಳೆಯುವ ಒಂದು ಹಳೆಯ ಪಿಕಪ್ ಕೊಂಡು, ಹಿಂದೆ ಬೆಂಚು ಕೂರಿಸಿ, ನೆತ್ತಿಯ ಮೇಲೆ ಟೆಂಟು ಮಡಚಿಟ್ಟು, ಪೇಟೆಯ ಜನರಿಗೆ ಕೆಸರು ತೋರಿಸುವ ವ್ಯಾಪಾರ ಶುರು ಮಾಡಿದ್ದ. ಆ ವಾರವಷ್ಟೇ, ಕೆಸರಿಗೆಂದೇ ಎತ್ತರದ ಹಲ್ಲಿರುವ ಹೊಸ ಮಡ್ ಟಯರು ಹಾಕಿಸಿದ್ದ. ಮಳೆಯಲ್ಲಿ ನೆಂದ ಒಡ್ಡಿನ ನೆತ್ತಿಯನ್ನು ಆ ಟಯರಿನ ಹಲ್ಲುಗಳು ಕಚ್ಚಿ ಕಿತ್ತವು. ಅವನ ಗೆಳೆಯ ಸಂದೇಶ ಅದರ ವಿಡಿಯೋ ಫೋನಿನಲ್ಲಿ ಹಿಡಿದು ಹಂಚಿದ. ಸಾವಿರಾರು ಜನ ನೋಡಿ ಮೆಚ್ಚಿದರಂತೆ. ಮೂರನೇ ದಿನ ಅಮಾವಾಸ್ಯೆಯ ಉಬ್ಬರ ಅದೇ ಗಾಯದಲ್ಲಿ ನುಗ್ಗಿ ಒಡ್ಡು ಒಡೆಯಿತು. ನೀರು ಹನ್ನೆರಡು ದಿನ ನಿಂತಿತು. ಅಷ್ಟು ದಿನದ ಉಪ್ಪನ್ನು ಕಗ್ಗವೂ ತಡೆಯಲಿಲ್ಲ. ಮನೆಯಲ್ಲಿದ್ದ ಬೀಜವನ್ನೆಲ್ಲ ಆ ವರ್ಷ ಬಿತ್ತಿಯಾಗಿತ್ತು. ಅತ್ತೆಯ ತಳಿ ಅಲ್ಲಿಗೆ ಮುಗಿಯಿತು.

ಪಂಚಾಯತದವರು ರೂಪೇಶನನ್ನು ಕರೆಸಿದರು. ಅವನು ಬಂದು, ಒಡೆದ ಜಾಗ ನೋಡಿ, ನಕ್ಕ.

"ಮಣ್ಣಿನ ಒಡ್ಡಲ್ವಾ ಕಾಮಕ್ಕ. ನಾಲ್ಕು ಬುಟ್ಟಿ ಮಣ್ಣು ಹಾಕಿದ್ರೆ ಆಯ್ತಲ್ಲ."

ಇನ್ನು ಒಡ್ಡು ಹತ್ತಬಾರದೆಂದು ಅವನಿಗೆ ತಾಕೀತು ಮಾಡಿದರು. ಅವನು ಹತ್ತಲಿಲ್ಲ. ಆದರೆ ಇಳಿತದ ದಾರಿ ಯಾರೊಬ್ಬರದೂ ಅಲ್ಲ. ಅಲ್ಲಿ, ಸಂಜೆ ಇಳಿತ ಬೀಳುವ ಭಾನುವಾರಗಳಂದು, ಪ್ರವಾಸಿಗರನ್ನು ಮರಳದಿಬ್ಬಕ್ಕೆ ಒಯ್ದು ಸೂರ್ಯಾಸ್ತ ತೋರಿಸತೊಡಗಿದ.

ಕಾಮಿ ಬೈಯಲಿಲ್ಲ. ಅವಳು ಬೈದರೆ ಹೆದರಬೇಕಿಲ್ಲ; ಸುಮ್ಮನಾದರೆ ಹೆದರಬೇಕು. ನಮ್ಮ ಜಗುಲಿಯಲ್ಲಿ ಬುಟ್ಟಿ ಇಳಿಸಿ ಒಂದೇ ಮಾತು ಹೇಳಿದಳು: "ಆ ಗಾಡಿ ಹುದುಲಲ್ಲಿ ಹೂಳೂದನ್ನ ನಾ ಕಣ್ಣಾರೆ ನೋಡ್ಬೇಕು ಅಕ್ಕೋರೆ. ನೋಡ್ದೆ ಸಾಯೂದಿಲ್ಲ."

ಅಂದಿನಿಂದ ಅವಳು ಗಾಲಿಯ ಅಚ್ಚುಗಳನ್ನು ಓದಲು ಶುರು ಮಾಡಿದಳು. ಚಿಪ್ಪು ಆಯಲು ಹೋದಾಗ ಕೆಸರಿನ ಮೇಲೆ ಕೂತು, ಟಯರಿನ ಹಲ್ಲು ಬಿದ್ದ ಕುಳಿಯಲ್ಲಿ ಕಿರುಬೆರಳು ಇಳಿಸಿ ಆಳ ನೋಡುವಳು. ಮೊದಲ ವರ್ಷ ಉಗುರು ಪೂರ್ತಿ ಮುಳುಗಿ ಮೇಲೆ ಇನ್ನೂ ಒಂದು ಗೆರೆಯಷ್ಟು ಉಳಿಯುತ್ತಿತ್ತು. ಅಚ್ಚಿನ ಅಂಚು ಕತ್ತಿಯಲ್ಲಿ ಕೊಯ್ದಷ್ಟು ಚೂಪು. ಹಿಂದಿನ ಎಡಗಾಲಿಯ ಒಂದು ಹಲ್ಲು ಚಿರೆಕಲ್ಲಿಗೆ ಸಿಕ್ಕಿ ಮುರಿದ ದಿನವೂ ಅವಳಿಗೆ ಗೊತ್ತು. ಅಲ್ಲಿಂದ ಮುಂದೆ ಆ ಗಾಡಿಗೆ ಅವಳ ಬಾಯಲ್ಲಿ ಬೊಚ್ಚ ಎಂದೇ ಹೆಸರು. "ನಿನ್ನೆ ಬೊಚ್ಚ ಬಂದಿತ್ತು, ಎಂಟು ಜನ ಇದ್ರು" ಎಂದು ಅಚ್ಚಿನ ಆಳ ನೋಡಿಯೇ ಹೇಳುತ್ತಿದ್ದಳು.

ಎರಡನೇ ವರ್ಷ ಅವಳು ಮೊದಲ ಪ್ರಯತ್ನ ಮಾಡಿದಳು. ಚಿಪ್ಪಿನವರೆಲ್ಲ ಬೆಳಗಿನ ಇಳಿತಕ್ಕೇ ಬಂದು ಹೋಗುವುದರಿಂದ ಭಾನುವಾರ ಸಂಜೆ ಆ ದಾರಿಯಲ್ಲಿ ಬೇರೆ ಯಾರೂ ಇರುವುದಿಲ್ಲ. ಅಂಥ ಒಂದು ಸಂಜೆ ಕೋಲನ್ನು ಕಿತ್ತು, ಒಡ್ಡಿನ ಕಡೆಗೆ ಹನ್ನೊಂದು ಹೆಜ್ಜೆ ಸರಿಸಿ ಹುದುಲಿನ ನಡುವೆ ನೆಟ್ಟಳು. ರೂಪೇಶ ಎಂದಿನಂತೆ ಕೋಲಿಗೆ ತಾಗಿಕೊಂಡೇ ಬಂದ, ಹುದುಲಿಗೆ ಇಳಿದ. ಗಾಡಿ ಗಾಲಿಯ ನಡುವಿನ ಗುಂಬದವರೆಗೆ ಹೂತಿತು. ಆದರೆ ಗಾಲಿ ತಿರುಗಿದಂತೆ ಹಲ್ಲುಗಳು ತಮ್ಮ ಸಂದಿಯ ಕೆಸರನ್ನು ತಾವೇ ಕೊಡವಿ ಎಸೆದವು, ಮತ್ತೆ ಕಚ್ಚಿದವು, ಮತ್ತೆ ಕೊಡವಿದವು. ಆಮೆಯಂತೆ ತೆವಳಿ ಗಾಡಿ ಆಚೆಯ ಗಟ್ಟಿ ಮರಳು ಹತ್ತಿತು. "ಚೂರು ಜಾರ್ತು" ಎಂದು ರೂಪೇಶ ನಕ್ಕ, ಒಳಗಿದ್ದವರು ಚಪ್ಪಾಳೆ ತಟ್ಟಿದರು. ಕಾಮಿ ಒಡ್ಡಿನ ಹಿಂದೆ ಕೂತು ಆ ಚಪ್ಪಾಳೆಯನ್ನು ಕೇಳಿದಳು. ದೀಪ ಹಚ್ಚುವ ಹೊತ್ತಿಗೆ, ಯಾರೂ ಕಾಣದಂತೆ, ಕೋಲನ್ನು ಮೊದಲಿನ ಜಾಗದಲ್ಲಿ ನೆಟ್ಟು ಮನೆಗೆ ಹೋದಳು.

ಕೋಲು ಸರಿಸಿದ್ದನ್ನು ಅವಳು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ. ಆಗ ನನಗೆ ಹೇಳಿದ್ದರೆ ನಾನು ಪೊಲೀಸರಿಗೆ ತಿಳಿಸುತ್ತಿದ್ದೆ, ಅದು ಅವಳಿಗೂ ಗೊತ್ತಿತ್ತು. ಆಗ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಅಕ್ಕೋರೆ, ಗಾಲಿ ಹಲ್ಲು ಮತ್ತೆ ಹುಟ್ತದ್ಯಾ?"

"ಇಲ್ಲ. ಸವೆಯುತ್ತ ಹೋಗುತ್ತದೆ."

"ಹಂಗಾರೆ ಸವೀಲಿ" ಎಂದಳು. "ನಂಗೆಂತ ಗಡಿಬಿಡಿ ಇಲ್ಲ."

ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ನನಗೆ ಇದು ಕುತೂಹಲದ ವಿಷಯವಾಯಿತು. ಕೆಸರಿನಲ್ಲಿ ಆ ಟಯರು ಸವೆಯುವುದು ಕಡಿಮೆ. ಅದನ್ನು ತಿನ್ನುವುದು ಹೆದ್ದಾರಿ. ರೂಪೇಶ ಹೆಚ್ಚೆಂದರೆ ವಾರಕ್ಕೆ ಒಂದು ತಾಸು ಹುದುಲಿನ ಪಕ್ಕ ಓಡಿದರೆ, ಉಳಿದ ದಿನವೆಲ್ಲ ಕಾರವಾರ, ಗೋಕರ್ಣ, ಮುರ್ಡೇಶ್ವರ ಎಂದು ಬಿಸಿ ಡಾಂಬರಿನ ಮೇಲೆ ಓಡುತ್ತಿದ್ದ. ಎತ್ತರದ ಹಲ್ಲುಗಳು ಡಾಂಬರಿನ ಮೇಲೆ ಅಲುಗಾಡಿ ಅಂಚಿನಿಂದ ಓರೆಯಾಗಿ ಸವೆಯುತ್ತವೆ, ಒಂದು ಎತ್ತರ ಒಂದು ತಗ್ಗು ಆಗುತ್ತವೆ. ಮೊದಲು ದುಂಬಿಯಂತೆ ಗುಂಯ್ಗುಡುತ್ತಿದ್ದ ಗಾಡಿ ಮೂರನೇ ವರ್ಷಕ್ಕೆ ಗೊರಗೊರ ಎನ್ನತೊಡಗಿತು. ಹೆದ್ದಾರಿಯಿಂದ ಮಣ್ಣುರಸ್ತೆಗೆ ತಿರುಗುವ ಮೊದಲೇ ಕಾಮಿಗೆ ಅದು ಕೇಳಿಸುತ್ತಿತ್ತು.

ನಾಲ್ಕನೇ ವರ್ಷದ ಕೊನೆಯಲ್ಲಿ ಒಮ್ಮೆ ಅಂಕೋಲೆಯ ಬಸ್ ನಿಲ್ದಾಣದ ಎದುರು ಅವನು ಚಾ ಕುಡಿಯಲು ಗಾಡಿ ನಿಲ್ಲಿಸಿದ್ದ. ನಾನು ಹೋಗಿ ಕೇಳಿದೆ.

"ಈ ಟಯರು ಎಷ್ಟು ಓಡಿದೆ?"

"ಎಪ್ಪತ್ತು ಸಾವಿರ ಕಿಲೋಮೀಟರ್ ಆಯ್ತು ಮೇಡಂ. ಒಂದೇ ಒಂದು ಪಂಕ್ಚರ್. ಐದೈದು ಸಾವಿರಕ್ಕೆ ಹಿಂದಿಂದು ಮುಂದೆ, ಮುಂದಿಂದು ಹಿಂದೆ ಹಾಕ್ತೆ. ಮಗು ನೋಡ್ಕೊಂಡ ಹಾಗೆ ನೋಡ್ಕೊಂಡಿದ್ದೆ."

"ಹಲ್ಲು ಎಷ್ಟು ಉಳಿದಿದೆ?"

"ಹೊಸದಿದ್ದಾಗ ಹದಿನಾರು ಎಂ.ಎಂ. ಈಗ ಆರು ಅದೆ. ರೋಡಿಗೆ ಇನ್ನೂ ಒಂದು ವರ್ಷ ಧಾರಾಳ. ಈ ಸೀಸನ್ ಮುಗೀಲಿ, ಹೊಸಾದು ಹಾಕ್ಸ್ತೆ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ರಸ್ತೆಗೆ ಆ ಟಯರು ಸಾಕಾಗಿತ್ತು. ಆದರೆ ಹುದುಲಿಗೆ ಅದು ಸತ್ತು ವರ್ಷವಾಗಿತ್ತು. ಹಲ್ಲು ಗಿಡ್ಡವಾದರೆ ಸಂದಿಯೂ ಆಳ ಕಳೆದುಕೊಳ್ಳುತ್ತದೆ. ಸಂದಿಗೆ ತುಂಬಿದ ಜಿಗುಟು ಕೆಸರು ಕೊಡವಿದರೂ ಹೋಗುವುದಿಲ್ಲ. ಗಾಲಿ ಬರಿಯ ರಬ್ಬರಿನ ಉಂಡೆಯಾಗುತ್ತದೆ. ಕಾಮಿಯ ಉಗುರಿನ ಲೆಕ್ಕವೂ ಅದೇ ಇತ್ತು. "ಅರ್ಧ ಉಗುರು" ಎಂದಿದ್ದಳು ಆ ವಾರ, ಹರಿವೆ ಕಟ್ಟು ಬಿಚ್ಚುತ್ತ. "ಅಚ್ಚು ಈಗ ಚಾಪೆ ಹಾಸಿದಂಗೆ ಬೀಳ್ತದೆ ಅಕ್ಕೋರೆ. ಕಚ್ಚೂದಿಲ್ಲ."

ಈ ವರ್ಷ ಜನವರಿಯ ಅಮಾವಾಸ್ಯೆ ಭಾನುವಾರವೇ ಬಂತು. ಇಳಿತ ಸಂಜೆ ನಾಲ್ಕೂವರೆಗೆ. ಕಾಮಿ ಮೂರು ಗಂಟೆಗೇ ಹೋಗಿ ಕೋಲನ್ನು ಹನ್ನೊಂದು ಹೆಜ್ಜೆ ಸರಿಸಿದಳು. ಆಮೇಲೆ ಒಡ್ಡಿನ ಹಿಂದೆ ಕೂತಳು. ಗೊರಗೊರ ಶಬ್ದ ಬಂತು.

ದಾರಿಯ ಈಚೆ ತುದಿಯಲ್ಲಿ ರೂಪೇಶ ಗಾಡಿ ನಿಲ್ಲಿಸಿ, ಮರಳಿನಲ್ಲಿ ಹೂತುಹೋಗದಿರಲೆಂದು ಟಯರಿನ ಗಾಳಿ ಅರ್ಧ ಇಳಿಸಿದ. ಹಿಂದೆ ಐದು ಜನ ಪ್ರವಾಸಿಗರು ಕೂತಿದ್ದರು. ಒಬ್ಬ ಹೆಂಗಸು, "ಹೂತುಹೋಗಲ್ಲ ತಾನೆ?" ಎಂದು ಕೇಳಿದಳು.

"ಆ ಕೆಂಪು ಬಟ್ಟೆ ಕೋಲು ಕಂಡ್ತಾ? ಕಾಮಕ್ಕ ಅಂತ ಒಂದು ಮುದುಕಿ ಅದೆ, ಅವಳು ನೆಟ್ಟದ್ದು. ನನ್ನ ಮೋರೆ ಕಂಡ್ರೆ ಉಗೀತಾಳೆ. ಆದ್ರೆ ಅವಳ ಕೋಲು ಸುಳ್ಳು ಹೇಳೂದಿಲ್ಲ."

ಅವನು ಇದನ್ನು ನಗುತ್ತ, ಗಟ್ಟಿಯಾಗಿ ಹೇಳಿದ. ಒಡ್ಡಿನ ಹಿಂದೆ ಕೂತವಳಿಗೆ ಪ್ರತಿ ಶಬ್ದವೂ ಕೇಳಿಸಿತು. ಅವಳು ಏಳಲಿಲ್ಲ. ಕೂಗಲೂ ಇಲ್ಲ.

ಗಾಡಿ ಕೋಲಿನ ಪಕ್ಕ ತಲುಪಿ ಮೂತಿ ತಗ್ಗಿಸಿತು. ಗಾಲಿಗಳು ತಿರುಗಿದವು, ನುಣ್ಣಗೆ ತಿರುಗಿದವು, ಕೆಸರನ್ನು ಮೈಗೆ ಸುತ್ತಿಕೊಂಡು ಇದ್ದಲ್ಲೇ ಕೆಳಗಿಳಿದವು. ಒಂದು ತೊಟ್ಟು ಕೆಸರೂ ಹಾರಲಿಲ್ಲ. ಅರ್ಧ ತಾಸಿನಲ್ಲಿ ಗಾಡಿಯ ಹೊಟ್ಟೆ ನೆಲ ಮುಟ್ಟಿತು. ಬೆಂಚಿನ ಹಲಗೆಗಳನ್ನು ಕಿತ್ತು ಹಾಸಿ ಪ್ರವಾಸಿಗರನ್ನು ಗಟ್ಟಿ ಮರಳಿಗೆ ದಾಟಿಸಿದ್ದು ರೂಪೇಶನೇ. ಊರಿನ ಜಟ್ಟು ತನ್ನ ಟ್ರ್ಯಾಕ್ಟರ್ ತಂದ, ದೂರದಿಂದ ಹಗ್ಗ ಎಸೆದ, ಹಗ್ಗ ಹರಿಯಿತು. ಅಷ್ಟರಲ್ಲಿ ನೀರು ತಿರುಗಿತು. ಜನ ಸೇರಿಬಿಟ್ಟಿದ್ದರಿಂದ, ಆಮೇಲೆ ನೀರು ತುಂಬಿದ್ದರಿಂದ, ಕಾಮಿಗೆ ಈ ಸಲ ಕೋಲನ್ನು ಕದ್ದು ಸರಿಸಲು ಆಗಲಿಲ್ಲ. ಅವಳು ಒಡ್ಡಿನ ಮೇಲೆ ಎಲ್ಲರಿಗೂ ಕಾಣುವಂತೆ ನಿಂತು, ಉಪ್ಪುನೀರು ಬಾಗಿಲಿಗೆ ಬಂದದ್ದು, ಸೀಟಿಗೆ ಬಂದದ್ದು, ಎಂಜಿನ್ನಿನ ಮೇಲೆ ಮುಚ್ಚಿದ್ದು, ಎಲ್ಲವನ್ನೂ ನೋಡಿದಳು. ಆಮೇಲೆ ಮನೆಗೆ ಹೋಗಿ, ಅವಳೇ ಹೇಳಿದಂತೆ, ಹೊಟ್ಟೆ ತುಂಬ ಉಂಡಳು.

ಸೋಮವಾರ ಬೆಳಗಿನ ಇಳಿತಕ್ಕೆ ಜೆಸಿಬಿ ಬಂದು ಗಾಡಿಯನ್ನು ಎಳೆದು ಗಟ್ಟಿಗೆ ಹಾಕಿತು. ಸುದ್ದಿ ಕೇಳಿ ನಾನೂ ರಿಕ್ಷಾ ಮಾಡಿಕೊಂಡು ಹೋಗಿದ್ದೆ. ಕಾಮಿ ಆಗಲೇ ಒಡ್ಡಿನ ಮೇಲೆ ನಿಂತಿದ್ದಳು. ಎಂಜಿನ್ನಿನೊಳಗಿಂದ ಉಪ್ಪುನೀರು ಸೋರುತ್ತಿತ್ತು. ಆ ಗಾಡಿ ಇನ್ನು ಗುಜರಿಗೆ ಎಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ. ಬೋಳುತಲೆಯ ಜಟ್ಟು ಗಾಲಿಯನ್ನು ಕಾಲಿನಿಂದ ಒದ್ದ.

"ಇದು ಟಯರೇನೋ ಮಾರಾಯಾ? ನನ್ನ ತಲೆ ಇದಕ್ಕಿಂತ ಅಡ್ಡಿಲ್ಲ, ನಾಲ್ಕು ಕೂದ್ಲಾದ್ರೂ ಅದೆ."

ಕೆಲವರು ನಕ್ಕರು. ಒಬ್ಬ ಮುದುಕ, ಕೋಲಿನ ಯಾವ ಮಗ್ಗುಲಿಂದ ಹೋಗಿದ್ದೆ ಎಂದು ರೂಪೇಶನನ್ನು ಕೇಳಿದ.

ರೂಪೇಶ ಮರಳಿನ ಮೇಲೆ ಕೂತಿದ್ದ. ಕೆಸರು ಅವನ ಮೈಮೇಲೆ ಒಣಗಿ ಬಿರಿದಿತ್ತು. "ಹೊಳೆ ಮಗ್ಗುಲಿಂದ್ಲೇ ಹೋಗಿದ್ದೆ" ಎಂದ. "ಚೂರು ಜಾರಿರ್ಬೇಕು. ಟಯರ್ ಮುಗ್ದಿತ್ತು, ಗೊತ್ತಿದ್ದೂ ತಂದೆ. ತಪ್ಪು ನಂದೇ. ಕಾಮಕ್ಕನ ಕೋಲಿಗೆ ಹೇಳೂದು ಎಂತ ಉಂಟು?"

ಎಲ್ಲರೂ ಹೌದೆಂದರು. ಒಡೆದ ಒಡ್ಡಿನ ಮಾತನ್ನು ಅವನು ಎತ್ತಲಿಲ್ಲ, ಕಳೆದುಹೋದ ಬೀಜಕ್ಕೆ ಅವನು ಆಗಲೂ ಕ್ಷಮೆ ಕೇಳಲಿಲ್ಲ. ಅವನಿಗೆ ಅದು ನೆನಪಿತ್ತೋ ಇಲ್ಲವೋ. ಕಾಮಿ ಇನ್ನೊಂದು ತಾಸು ಸುಮ್ಮನಿದ್ದಿದ್ದರೆ ಜನ ಚದುರುತ್ತಿದ್ದರು, ಉಬ್ಬರ ಬಂದು ಗುರುತುಗಳನ್ನು ಅಳಿಸುತ್ತಿತ್ತು, ಅವಳು ಬಯಸಿದ್ದು ಒಂದು ಕಲೆಯೂ ಇಲ್ಲದೆ ಅವಳ ಕೈ ಸೇರುತ್ತಿತ್ತು.

ಅವಳು ಒಡ್ಡಿನಿಂದ ಇಳಿದಳು. ಸೀರೆಯನ್ನು ಮಂಡಿಯ ಮೇಲೆ ಸಿಕ್ಕಿಸಿ, ತನಗಷ್ಟೇ ಗೊತ್ತಿದ್ದ ಜಾಗಗಳಲ್ಲಿ ಕಾಲಿಡುತ್ತ ಹುದುಲಿನ ನಡುವೆ ಹೋಗಿ, ಎರಡೂ ಕೈಯಲ್ಲಿ ಕೋಲನ್ನು ಕಿತ್ತಳು. ರೂಪೇಶ ತಲೆ ಎತ್ತಿದ.

ಕಾಮಿ ಹೊಳೆಯ ಕಡೆಗೆ ಮುಖ ಮಾಡಿ ಹೆಜ್ಜೆ ಹಾಕಿದಳು. ಒಂದು, ಎರಡು, ಮೂರು ಎಂದು, ದಡದ ಮೇಲಿದ್ದ ಎಲ್ಲರಿಗೂ ಕೇಳುವಂತೆ, ಗಟ್ಟಿಯಾಗಿ ಹನ್ನೊಂದರವರೆಗೆ ಎಣಿಸಿ, ಅಲ್ಲಿ, ಗಟ್ಟಿ ಮರಳಿನ ಅಂಚಿನಲ್ಲಿ, ಕೋಲನ್ನು ನೆಟ್ಟಳು.