ಒಳಗೆ ಪೊರಕೆ, ಹೊರಗೆ ಫಲಕ

ಸೂರ್ಯ ಇನ್ನೂ ಹುಟ್ಟಿಲ್ಲ. ಹ್ಯಾರಿಗನ್ ಬೋರ್ ಊರಿನ ಕೋರ್ಟಿನೊಳಗೆ ಒಂದೇ ದೀಪ ಉರಿಯುತ್ತಿದೆ. ಮೌಡಿ ನುಂಗರಾಯಿ ಎಂಬ ಹಿರಿಯ ಮಹಿಳೆ ಸೊಂಟಕ್ಕೆ ಟವೆಲ್ ಬಿಗಿದು, ಬರಿಗಾಲಲ್ಲಿ ನೆಲ ಒರೆಸುತ್ತಿದ್ದಾರೆ. ಎಷ್ಟು ಸಲ ಬದಲಿಸಿದರೂ ಬಕೆಟಿನ ನೀರು ಕೆಂಪಗೇ ಇರುತ್ತದೆ. ನಮ್ಮ ಮರುಭೂಮಿಯ ಮಣ್ಣು ಯಾರ ಮಾತನ್ನೂ ಕೇಳುವುದಿಲ್ಲ. ಮ್ಯಾಜಿಸ್ಟ್ರೇಟರ ಮೇಜು, ವಕೀಲರ ಕುರ್ಚಿ, ಆರೋಪಿ ನಿಲ್ಲುವ ಕಟಕಟೆ, ಎಲ್ಲಕ್ಕೂ ಒಂದೇ ಬಟ್ಟೆ. "ಸಾಹೇಬ್ರ ಮೇಜಿಗೆ ಬೇರೆ ಬಟ್ಟೆ ಇಟ್ಕೋ ಅಂದ್ರು. ಧೂಳು ಒಂದೇ ತಾನೆ?" ಎಂದು ನಗುತ್ತಾರೆ.

ಪ್ರತಿ ಸೋಮವಾರ ಹತ್ತು ಗಂಟೆಗೆ ಅದೇ ಕೋರ್ಟಿನ ಬಾಗಿಲು ತೆರೆಯುವಾಗ ಮೌಡಿ ರಸ್ತೆಯಾಚೆಯ, ನೀಲಗಿರಿ ಜಾತಿಯ ಗಮ್ ಮರದ ಕೆಳಗೆ ಕೂತಿರುತ್ತಾರೆ. ಪಕ್ಕದಲ್ಲಿ ಮಸಿ ಹಿಡಿದ ಡಬ್ಬಿಯಲ್ಲಿ ಚಹಾ ಕುದಿಯುತ್ತಿರುತ್ತದೆ. ಹಲಗೆಯೊಂದಕ್ಕೆ ಮೊಳೆ ಹೊಡೆದ ಹಳೆಯ ಹೊದಿಕೆಯ ಮೇಲೆ ದಪ್ಪ ಅಕ್ಷರ: 'ಇವರು ನಮ್ಮ ಮಕ್ಕಳು'.

ಕಡ್ಡಾಯ ಶಿಕ್ಷೆಯ ಕಾನೂನು ಬಂದ ಮೇಲೆ ಸಣ್ಣ ಕಳ್ಳತನಕ್ಕೂ ಜೈಲು ತಪ್ಪಿದ್ದಲ್ಲ. ಎಷ್ಟು ಕಾಲ ಎಂಬುದನ್ನೂ ಕಾನೂನೇ ಮೊದಲೇ ಹೇಳಿಬಿಟ್ಟಿದೆ. ಮ್ಯಾಜಿಸ್ಟ್ರೇಟರದು ಓದಿ ಹೇಳುವ ಕೆಲಸ ಅಷ್ಟೆ. ಕಾನೂನು ಎಲ್ಲರಿಗೂ ಒಂದೇ ಎನ್ನುತ್ತಾರೆ. ಆದರೆ ಜೈಲಿನ ಗಾಡಿ ಹತ್ತುವವರನ್ನು ನೋಡಿದರೆ ಹೆಚ್ಚುಕಡಿಮೆ ಎಲ್ಲರೂ ನಮ್ಮವರೇ, ಈ ನೆಲದ ಮೂಲನಿವಾಸಿಗಳೇ. "ಬಿಳಿ ಹುಡುಗ ಗಾಜು ಒಡೆದ್ರೆ ಅವನಪ್ಪ ಹೋಗಿ ಹೊಸ ಗಾಜು ಹಾಕಿಸ್ತಾನೆ. ನಮ್ ಹುಡುಗ ಒಡೆದ್ರೆ ನೇರ ಪೊಲೀಸೇ ಬರ್ತದೆ" ಎನ್ನುತ್ತಾರೆ ಮೌಡಿ.

ಅವರ ಮನೆಯ ಹುಡುಗನಿಗೆ ಆದದ್ದೂ ಅದೇ. ಕ್ಲಿಫರ್ಡ್ ಮೌಡಿಯ ಅಕ್ಕನ ಮಗ. ನಮ್ಮಲ್ಲಿ ಅಕ್ಕನ ಮಗನೆಂದರೆ ಮಗನೇ. ಶಾಲೆಯ ಕಿಟಕಿ ಒಡೆದ ಹಳೆಯ ಕೇಸೊಂದು ಅವನ ಹೆಸರಿನಲ್ಲಿತ್ತು. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಅವನಿಗೆ ಜಾನುವಾರು ಫಾರಂನಲ್ಲಿ ಕೆಲಸ ಸಿಕ್ಕಿತು. ಬೂಟಿಲ್ಲದೆ ಕುದುರೆ ಹತ್ತಿಸುವುದಿಲ್ಲ ಎಂದರಂತೆ. ಲೆಸ್ ಪೆಟ್ರಿಯ ಅಂಗಡಿಯ ಹಿಂಬಾಗಿಲಿನಿಂದ ಅವನು ಒಂದು ಜೊತೆ ಬೂಟು ಎತ್ತಿಕೊಂಡು ಬಂದ.

ಮೌಡಿಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ. "ಕಿವಿ ಹಿಡ್ಕೊಂಡೇ ಎಳ್ಕೊಂಡು ಹೋದೆ. ಊರೆಲ್ಲ ನೋಡ್ಲಿ ಅಂತ. ಲೆಸ್ ಎದುರು ನಿಲ್ಸಿ, ಹೇಳೋ ತಪ್ಪಾಯ್ತು ಅಂತ, ಅಂದೆ. ಹೇಳ್ದ. ಬೂಟು ಕೊಟ್ಟ. ಲೆಸ್ ಕೂಡ ಆಯ್ತು ಬಿಡು ಅಂದ." ಆದರೆ ಲೆಸ್ ಅದಕ್ಕೆ ಮೊದಲೇ, ಕದ್ದವರು ಯಾರೆಂದು ಗೊತ್ತಿಲ್ಲದೆ, ಪೊಲೀಸರಿಗೆ ಫೋನ್ ಮಾಡಿಯಾಗಿತ್ತು. ಕೇಸು ಬೇಡವೆಂದು ಅವನೇ ಕೋರ್ಟಿನಲ್ಲಿ ಹೇಳಿದ. ಬೂಟು ವಾಪಸು ಬಂದಿದೆ, ಹುಡುಗ ತಪ್ಪೊಪ್ಪಿಕೊಂಡಿದ್ದಾನೆ, ಕೆಲಸವೂ ಕಾದಿದೆ ಎಂದು ವಕೀಲರು ಹೇಳಿದರು. ನನ್ನ ಕೈ ಕಟ್ಟಿದೆ ಎಂದರು ಮ್ಯಾಜಿಸ್ಟ್ರೇಟರು. ಎರಡನೇ ಕೇಸಿಗೆ ಕಾನೂನು ಹೇಳಿದಷ್ಟೇ: ಮೂರು ತಿಂಗಳು.

"ನಾನೇ ಅಲ್ವಾ ಕರ್ಕೊಂಡು ಹೋಗಿದ್ದು?" ಮೌಡಿ ಚಹಾದ ಡಬ್ಬಿಯನ್ನು ಕಡ್ಡಿಯಿಂದ ತಿರುಗಿಸುತ್ತಾರೆ. "ಸುಮ್ನೆ ಬೂಟು ಹೂತು ಹಾಕು ಅಂದಿದ್ರೆ ಮಗ ಮನೇಲಿರ್ತಿದ್ದ. ನಿಜ ಹೇಳು ಅಂತ ಇನ್ನೊಂದು ಮಗೂಗೆ ಹೆಂಗೆ ಹೇಳ್ಲಿ ನಾನು?"

ಕ್ಲಿಫರ್ಡ್ ಒಳಗಿರುವಾಗಲೇ ಅವನನ್ನು ಸಾಕಿದ ಅಜ್ಜ ತೀರಿಕೊಂಡರು. ಆ ಹಿರಿಯರ ಹೆಸರನ್ನು ನಾನಿಲ್ಲಿ ಬರೆಯುವಂತಿಲ್ಲ. ತೀರಿಹೋದವರ ಹೆಸರು ಹೇಳುವುದಿಲ್ಲ ನಾವು. ಮೊಮ್ಮಗ ನಿಂತು ಮಾಡಬೇಕಾದ ಕೆಲಸಗಳಿದ್ದವು. ಜೈಲು ಒಂದು ದಿನದ ಹಾದಿ, ಬಿಡಲಿಲ್ಲ. ಸಾವಿನ ನಂತರ ನೆಂಟರೆಲ್ಲ ಒಟ್ಟಾಗಿ ಕೂತು ಅಳುವ ಶೋಕದ ಶಿಬಿರದಲ್ಲಿ ಅವನ ಜಾಗ ಖಾಲಿಯಾಗಿಯೇ ಉಳಿಯಿತು. ಬಿಡುಗಡೆಯಾಗಿ ಬಂದವನು ಬಸ್ಸಿಳಿದ ಕಡೆಯೇ ಮಣ್ಣಿನಲ್ಲಿ ಕೂತುಬಿಟ್ಟ. ಹೆಂಗಸರೆಲ್ಲ ಅಲ್ಲಿಗೇ ಹೋಗಿ, ಅವನ ಸುತ್ತ ಕೂತು, ತಿಂಗಳ ಹಿಂದಿನ ಸಾವನ್ನು ಆಗ ತಾನೇ ಆಯಿತೆಂಬಂತೆ ಅತ್ತರು. ಮುಂದಿನ ಸೋಮವಾರ ಮೌಡಿ ನೆಲ ಒರೆಸಿ ಮನೆಗೆ ಹೋಗಲಿಲ್ಲ. ಮರದ ಕೆಳಗೆ ಕೂತರು.

ಮೊದಮೊದಲು ಒಬ್ಬರೇ. "ಏನಮ್ಮಾ, ಪಿಕ್‌ನಿಕ್ಕಾ?" ಎಂದು ಕಾರಿನಿಂದ ಕೂಗಿದವರೂ ಇದ್ದರು. "ಹೂಂ ಮಾರಾಯ, ಬಾ, ರೊಟ್ಟಿ ತಂದಿದೀನಿ" ಎನ್ನುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ಬಂದರು, ಮಕ್ಕಳು ಒಳಗಿರುವ ತಾಯಂದಿರು. ಸುದ್ದಿ ಸ್ವಚ್ಛತಾ ಗುತ್ತಿಗೆಯ ಮೇಲ್ವಿಚಾರಕ ಗ್ರಾಂಟ್‌ಗೆ ಮುಟ್ಟಿತು. ಒಂದೋ ಪೊರಕೆ ಹಿಡಿ, ಇಲ್ಲ ಬೋರ್ಡು ಹಿಡಿ ಎಂದ.

"ಪೊರಕೆ ಬೆಳಿಗ್ಗೆ, ಬೋರ್ಡು ಹತ್ತು ಗಂಟೆ ಮೇಲೆ. ಎರಡೂ ಒಟ್ಟಿಗೆ ಹಿಡಿಯೋಕೆ ನಂಗೇನು ನಾಲ್ಕು ಕೈ ಇದಾವಾ?" ಎಂದರಂತೆ ಮೌಡಿ. ಕೆಲಸ ಹೋಯಿತು.

ಗ್ರಾಂಟ್ ಬೇರೆ ಆಳು ಹುಡುಕಿಕೊಂಡು ಊರೆಲ್ಲ ಅಲೆದ. ಕೇಳಿದವರೆಲ್ಲ ಒಲ್ಲೆ ಎಂದರು. ಇದನ್ನು ಹೇಳುವಾಗ ಮೌಡಿ ತೊಡೆ ತಟ್ಟಿಕೊಂಡು ನಗುತ್ತಾರೆ: "ಪಾಪ, ಅವ್ನು ಕೇಳಿದ್ದೆಲ್ಲ ನನ್ನ ಅಕ್ಕತಂಗೀರ ಮಕ್ಕಳನ್ನೇ! ಈ ಊರಲ್ಲಿ ಇನ್ಯಾರಿದಾರೆ?" ಕೋರ್ಟಿನಲ್ಲಿ ಕೆಂಪು ಧೂಳು ಕೂರುತ್ತಾ ಬಂತು. ಕೊನೆಗೊಂದು ಮುಂಜಾನೆ ಗ್ರಾಂಟ್ ಮೌಡಿಯ ಮನೆ ಎದುರು ಗಾಡಿ ನಿಲ್ಲಿಸಿ, ಇಳಿಯದೆ, ಬೀಗದ ಕೈ ಚಾಚಿದ. ಬೋರ್ಡಿನ ಮಾತು ಎತ್ತಲಿಲ್ಲ.

ಲೆಸ್ ಪೆಟ್ರಿ ಒಂದು ದಿನ ಅಂಗಡಿಗೆ ಬೀಗ ಹಾಕಿಕೊಂಡು ಮರದ ಕಡೆ ಬಂದ. ನೆರಳಿನ ಅಂಚಿನಲ್ಲಿ ಟೋಪಿ ಹಿಡಿದು ನಿಂತ. "ನಾನು ಫೋನ್ ಮಾಡಬಾರದಿತ್ತು, ಮೌಡಿ" ಎಂದ. "ಹೌದು, ಮಾಡಬಾರದಿತ್ತು" ಎಂದರು ಇವರು. "ಕೂತ್ಕೋ ಈಗ, ಬಿಸಿಲು." ಕೂತ. ಅಲ್ಲಿಂದೀಚೆಗೆ ಕೆಲವು ಸೋಮವಾರ ಬರುತ್ತಾನೆ, ಕೆಲವು ಸಲ ಇಲ್ಲ. ಅವನ ಅಂಗಡಿಗೆ ಹೋಗುವುದನ್ನು ಬಿಟ್ಟ ಬಿಳಿಯರೂ ಇದ್ದಾರೆ.

ಕಾನೂನು ಇದ್ದಲ್ಲೇ ಇದೆ. ಫಾರಂನವರು ಕ್ಲಿಫರ್ಡ್‌ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡರು. ಅವನೀಗ ಅಜ್ಜನ ನೆಲದಲ್ಲಿ, ಊರಿಂದ ದೂರ, ಚಿಕ್ಕಪ್ಪನ ಜೊತೆ ಬೇಲಿ ಕಟ್ಟುತ್ತಾನೆ. ಮಾತು ಕಡಿಮೆ. ಊರಿಗೆ ಬಂದರೂ ಕೋರ್ಟಿನ ರಸ್ತೆ ಹಿಡಿಯುವುದಿಲ್ಲ.

ಇಂದು ಮಧ್ಯಾಹ್ನ ಇಬ್ಬರು ಹುಡುಗರನ್ನು ಹೊತ್ತ ಜೈಲಿನ ಗಾಡಿ ದಕ್ಷಿಣಕ್ಕೆ ಹೊರಡುತ್ತದೆ. ಹೆಂಗಸರು ಎದ್ದು ನಿಂತು, ಅದು ಮರೆಯಾಗುವವರೆಗೂ ಆ ಹುಡುಗರ ಹೆಸರು ಕೂಗುತ್ತಾರೆ. ಮತ್ತೆ ಕೂತ ಮೇಲೆ ನಾನು ಕೇಳುತ್ತೇನೆ: ಈ ಕಾನೂನು ಹೋದರೆ ಅದರ ಜಾಗದಲ್ಲಿ ಏನು ಬರಬೇಕು?

ಮೌಡಿ ಕೈಯಲ್ಲಿದ್ದ ಕಡ್ಡಿಯನ್ನು ಕೋರ್ಟಿನ ಬಾಗಿಲಿನತ್ತ ತೋರಿಸುತ್ತಾರೆ.

"ಮಗಳೇ, ಯಾರನ್ನೂ ಜೈಲಿಗೆ ಹಾಕ್ಬೇಡಿ ಅಂತ ನಾನು ಹೇಳ್ತಿಲ್ಲ. ಅಲ್ಲಿ ಮೇಲೆ ಕೂತಿರೋ ಸಾಹೇಬ್ರು ಒಂದ್ಸಲ ಕೆಳಗೆ ನೋಡಿ, 'ಯಾಕಪ್ಪಾ ತಗೊಂಡೆ?' ಅಂತ ಕೇಳ್ಬೇಕು. ಹುಡುಗ ಹೇಳೋದನ್ನ ಪೂರ್ತಿ ಕೇಳಿಸ್ಕೋಬೇಕು. ಅಷ್ಟೆ."